ಕುರೆಕುಪ್ಪದ ಕೆಂಪು, ಕ್ಷಿಪಣಿ ಲಾರಿಯ ಹಸಿರು

ಹೊಸಪೇಟೆಯಿಂದ ಬಳ್ಳಾರಿಯತ್ತ ಸುಮಾರು 30 ಕಿ.ಮೀ. ಸಾಗಿದರೆ ತೋರಣಗಲ್ಲು. ಅದರ ಮಗ್ಗುಲಲ್ಲೇ ಕುರೆಕುಪ್ಪ. ಒಂದು ಕಾಲಕ್ಕೆ ಜೋಳ, ಹತ್ತಿ, ಕುರಿಗಳ ಹಳ್ಳಿ. ಉಕ್ಕಿನ ಕಾರ್ಖಾನೆ ತಲೆಯೆತ್ತಿದ ಮೇಲೆ ಬೆಳೆದು ಈಗ ಪುರಸಭೆಯಾಗಿದೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಸೇರಿತು. ಸಂಡೂರು ತಾಲ್ಲೂಕಿನ ಕುರೆಕುಪ್ಪ ಬಳ್ಳಾರಿಯಲ್ಲೇ ಉಳಿಯಿತು.

ಊರ ಹೊರಗೆ ನಿಂತು ಒಮ್ಮೆ ಸುತ್ತ ನೋಡಿ. ಎರೆಹೊಲದ ಕಪ್ಪು, ಕಲ್ಲುಗುಡ್ಡದ ಬೂದು, ಜಾಲಿಯ ಧೂಳು ಮೆತ್ತಿದ ಹಸಿರು, ಇವೆಲ್ಲದರ ಮೇಲೆ ಅದಿರಿನ ಕೆಂಪು. ಬಣ್ಣದ ಅಂಗಡಿಯ ಪಟ್ಟಿಯಲ್ಲಿ ಇಷ್ಟು ಛಾಯೆಗಳು ಸಿಗಲಾರವು! ಸೇನಾ ವಾಹನಗಳ ಪುಟ್ಟ ಮಾದರಿ ಕಟ್ಟುವ ಹವ್ಯಾಸಿಗಳು ಈ ಊರನ್ನೊಮ್ಮೆ ನೋಡಬೇಕಾದದ್ದು ಈ ಕಾರಣಕ್ಕೆ. ಕ್ಷಿಪಣಿ ಹೊತ್ತ ಲಾರಿಯ ಮಾದರಿಗೆ ಯಾವ ಬಣ್ಣ ಬಳಿಯಬೇಕೆಂದು ಅವರು ತಿಂಗಳುಗಟ್ಟಲೆ ಚಿತ್ರಗಳನ್ನು ತಡಕುತ್ತಾರೆ. ಆದರೆ ಮರೆಮಾಚುವ ಬಣ್ಣವೆಂಬುದು ಡಬ್ಬಿಯಲ್ಲಿ ಹುಟ್ಟುವುದಿಲ್ಲ, ನೆಲದಲ್ಲಿ ಹುಟ್ಟುತ್ತದೆ.

ನಮ್ಮ ಪೃಥ್ವಿ ಕ್ಷಿಪಣಿಯನ್ನೇ ತೆಗೆದುಕೊಳ್ಳೋಣ. 1988ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಮೊದಲ ಬಾರಿಗೆ ಹಾರಿದ ಈ ಕ್ಷಿಪಣಿಯ ಉದ್ದ ಸುಮಾರು 9 ಮೀಟರ್. ಅದನ್ನು ಹೊತ್ತು ತಿರುಗುವುದು ಎಂಟು ಗಾಲಿಯ ಟಾಟ್ರಾ ಲಾರಿ. ಚೆಕೊಸ್ಲೊವಾಕಿಯದ ಈ ಲಾರಿಗಾಗಿ ಬೆಂಗಳೂರಿನ ಬಿಇಎಂಎಲ್ 1986ರಲ್ಲಿ ಒಪ್ಪಂದ ಮಾಡಿಕೊಂಡಿತು. 35ರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಕ್ಷಿಪಣಿ ಗೇಣಿಗಿಂತ ತುಸು ಉದ್ದ, ಸುಮಾರು 26 ಸೆಂ.ಮೀ. ಆಗುತ್ತದೆ.

ಇಂಥ ವಾಹನ ಹವ್ಯಾಸಿಯ ಕಣ್ಣಿಗೆ ಬೀಳುವುದೆಲ್ಲಿ? ಹೆಚ್ಚಾಗಿ ಗಣರಾಜ್ಯೋತ್ಸವದ ಪೆರೇಡಿನಲ್ಲಿ, ಇಲ್ಲವೇ 1996ರಿಂದ ಯಲಹಂಕದಲ್ಲಿ ನಡೆಯುತ್ತ ಬಂದಿರುವ ವೈಮಾನಿಕ ಪ್ರದರ್ಶನದಲ್ಲಿ. ತೊಡಕಿರುವುದೂ ಅಲ್ಲೇ. ಪೆರೇಡಿಗೆ ಬರುವ ಲಾರಿ ಮದುವಣಿಗನಂತೆ ಮಿಂದು, ಹೊಸ ಬಣ್ಣ ಬಳಿಸಿಕೊಂಡು ಬಂದಿರುತ್ತದೆ. ಚಕ್ರದಲ್ಲಿ ಮಣ್ಣಿಲ್ಲ, ಬಾಗಿಲಲ್ಲಿ ಗೀರಿಲ್ಲ. ಎಲ್ಲರೂ ನೋಡಲಿ ಎಂದು ಬಂದ ವಾಹನವನ್ನು ನೋಡಿ, ಯಾರೂ ನೋಡದಿರಲಿ ಎಂದು ಬಳಿದ ಬಣ್ಣವನ್ನು ಕಲಿಯುವುದು ವಿಚಿತ್ರವೇ ಸರಿ. ಅದರ ಮೇಲೆ ಫೋಟೋ ಫಿಲ್ಮು ಒಂದು ಬಣ್ಣ ಹೇಳಿದರೆ ಪತ್ರಿಕೆಯ ಮುದ್ರಣ ಇನ್ನೊಂದು ಹೇಳುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 5 ಎಂಬ ಬಣ್ಣಪಟ್ಟಿ ಇದಕ್ಕಿಂತ ನಂಬಿಕಸ್ಥ ಸಾಕ್ಷಿ. ಆಲಿವ್ ಹಸಿರಿಗೆ ಅಲ್ಲಿ ಸಂಖ್ಯೆಯೇ ಇದೆ.

ಅದೇ ಬಿಇಎಂಎಲ್ ತಯಾರಿಸುವ ಡಂಪರುಗಳು ದೇಶದ ಗಣಿಗಳಲ್ಲಿ ಮಣ್ಣು ಹೊರುತ್ತವೆ. ಅವುಗಳ ಮೈಬಣ್ಣ ಹಳದಿ. ಕೆಂಪು ಧೂಳಿನ ನಡುವೆಯೂ ದೂರದಿಂದ ಕಾಣಲಿ, ಎದುರಿನವನು ಬದುಕಿಕೊಳ್ಳಲಿ ಎಂಬ ಹಳದಿ ಅದು. ಒಂದೇ ಸಂಸ್ಥೆಯ ಒಂದು ವಾಹನ ಕಾಣಬೇಕು, ಇನ್ನೊಂದು ಕಾಣಬಾರದು!

ಮರೆಬಣ್ಣದ ಚರಿತ್ರೆಯಲ್ಲಿ ಕನ್ನಡನಾಡಿಗೂ ಪಾಲಿದೆ. ಖಾಕಿ ಎಂದರೆ ಪಾರಸಿ ಮಾತಿನಲ್ಲಿ ಧೂಳಿನ ಬಣ್ಣ. ವಾಯವ್ಯ ಗಡಿಯ ಸೈನಿಕರು 1840ರ ದಶಕದಲ್ಲೇ ಅದನ್ನು ತೊಟ್ಟರು. ಆದರೆ ಒಗೆದರೆ ಬಿಡದ ಖಾಕಿಯನ್ನು ಕಂಡುಹಿಡಿದ ಕೀರ್ತಿಯನ್ನು ಮಂಗಳೂರಿಗರು 1851ರಲ್ಲಿ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಗೆ ಬಂದ ಹಾಲರ್ ಎಂಬ ಜರ್ಮನ್ ನೇಕಾರನಿಗೆ ಕೊಡುತ್ತಾರೆ.

ಬಣ್ಣ ಹೊಂದಿದರಷ್ಟೇ ಸಾಲದು, ಆಕಾರವೂ ಒಡೆಯಬೇಕು. ಈ ಪಾಠಕ್ಕೆ ಕುರೆಕುಪ್ಪದಿಂದ ದೂರವೇನೂ ಅಲ್ಲದ ದರೋಜಿಗೆ ಹೋಗಬೇಕು. 1994ರಲ್ಲಿ ಘೋಷಣೆಯಾದ ಅಲ್ಲಿನ ಕರಡಿಧಾಮದಲ್ಲಿ ಜನ ಕರಡಿಯನ್ನೇ ಹುಡುಕುತ್ತಾರೆ. ಕಾಲ ಬಳಿಯೇ ಕೂತ ಪೇಂಟೆಡ್ ಸ್ಯಾಂಡ್‌ಗ್ರೌಸ್ ಎಂಬ ಹಕ್ಕಿಯನ್ನು ಕಾಣುವುದೇ ಇಲ್ಲ. ಮೈತುಂಬ ನವುರಾದ ಗೆರೆಗಳು, ಗಂಡಿನ ಎದೆಗೆ ಅಡ್ಡ ಪಟ್ಟೆಗಳು. ಪಟ್ಟೆಗಳು ಎದ್ದು ಕಾಣುತ್ತವೆ, ಹಕ್ಕಿ ಕಾಣುವುದಿಲ್ಲ. ಲಾರಿಗೆ ಬಳಿಯುವ ಅಂಕುಡೊಂಕು ಮಚ್ಚೆಗಳ ಕೆಲಸವೂ ಇದೇ. ಆದ್ದರಿಂದ ಮಚ್ಚೆ ಬಾಗಿಲಿನ ಅಂಚಿಗೆ ಸರಿಯಾಗಿ ನಿಲ್ಲಬಾರದು, ಅಂಚನ್ನು ದಾಟಿ ಹರಿಯಬೇಕು. ಅಚ್ಚುಕಟ್ಟಾಗಿ ಬಳಿಯುವ ಹುಡುಗರು ತಪ್ಪುವುದು ಇಲ್ಲೇ. ಅಮೆರಿಕದ ಚಿತ್ರಕಾರ ಅಬಟ್ ಥೇಯರ್ 1896ರಲ್ಲಿ ಇನ್ನೊಂದು ಸಂಗತಿ ಹೇಳಿದ್ದ. ಪ್ರಾಣಿಗಳ ಬೆನ್ನು ಗಾಢ, ಹೊಟ್ಟೆ ತಿಳಿ. ಮೇಲಿನ ಬಿಸಿಲು, ಕೆಳಗಿನ ನೆರಳು ಎರಡೂ ಸರಿತೂಗಿ ಮೈ ಚಪ್ಪಟೆಯಾಗಿ ತೋರುತ್ತದೆ ಎಂದು.

ಇದು ಬರಿಯ ಆಟವಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಲಾರಿಗಳನ್ನು ಹುಡುಕಿ ವಿಮಾನಗಳು ಸಾವಿರಕ್ಕೂ ಹೆಚ್ಚು ಬಾರಿ ಹಾರಿದವು. ಒಂದಾದರೂ ಸಂಚಾರಿ ಲಾರಿ ನಾಶವಾದದ್ದಕ್ಕೆ ಅಮೆರಿಕದ ಯುದ್ಧಾನಂತರದ ಅಧ್ಯಯನಕ್ಕೆ ಖಚಿತ ಪುರಾವೆ ಸಿಗಲಿಲ್ಲ. ಹುಸಿ ಲಾರಿಗಳೂ ಅಲ್ಲಿ ಬೇಕಾದಷ್ಟಿದ್ದವು. ಇಂದು ಕಣ್ಣನ್ನಷ್ಟೇ ವಂಚಿಸಿದರೆ ಸಾಲದು. ಹಸಿರೆಲೆ ಅವಕೆಂಪು ಕಿರಣಗಳನ್ನು ಧಾರಾಳವಾಗಿ ಹಿಂದಕ್ಕೆ ಎಸೆಯುತ್ತದೆ, ಸಾಮಾನ್ಯ ಹಸಿರು ಬಣ್ಣ ನುಂಗಿಬಿಡುತ್ತದೆ. ಆ ಕಿರಣ ಗ್ರಹಿಸುವ ಕ್ಯಾಮೆರಾಕ್ಕೆ ಗಿಡದ ನಡುವಿನ ಲಾರಿ ಕಪ್ಪಗೆ ಸಿಕ್ಕಿಬೀಳುತ್ತದೆ. ಅದಕ್ಕೇ ಎಲೆಯ ಗುಣವನ್ನು ಅನುಕರಿಸುವ ಕ್ರೋಮಿಯಂ ಆಕ್ಸೈಡ್ ಹಸಿರನ್ನು ಸೇನಾ ಬಣ್ಣಗಳಿಗೆ ಬೆರೆಸುತ್ತಾರೆ.

ಮತ್ತೆ ಕುರೆಕುಪ್ಪದ ಧೂಳಿಗೆ ಬರೋಣ. ಸಂಡೂರು ಬೆಟ್ಟಗಳ ಹೆಮಟೈಟ್ ಅದಿರಿನ ಗಟ್ಟಿ ತುಂಡು ಎಷ್ಟೋ ವೇಳೆ ಉಕ್ಕಿನಂತೆ ಬೂದುಗಪ್ಪು. ಅದನ್ನು ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಬೀಳುವ ಗೀರು ಮಾತ್ರ ಕೆಂಪು. ಪುಡಿಯಾದಷ್ಟೂ ಕೆಂಪೇರುವ ಅದಿರಿದು. ಹಳ್ಳಿಯ ಗೋಡೆಗೆ ಬಳಿಯುವ ಜಾಜಿನಲ್ಲಿರುವುದೂ ಇದೇ ಕಬ್ಬಿಣದ ಆಕ್ಸೈಡ್. ರಸ್ತೆಬದಿಯ ಧೂಳನ್ನು ಹಾಗೇ ಮಾದರಿಯ ಚಕ್ರಕ್ಕೆ ಮೆತ್ತಿದರೆ ಕೆಲಸ ಕೆಟ್ಟಿತು. ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಕಣವೂ ಆ ಪ್ರಮಾಣದಲ್ಲಿ ಮೂರೂವರೆ ಮಿಲಿಮೀಟರಿನ ಹರಳಾಗಿ ತೋರುತ್ತದೆ. ಅರೆದು, ತೆಳುಬಟ್ಟೆಯಲ್ಲಿ ಸೋಸಿ, ಒಣ ಕುಂಚದಿಂದ ತುಸುವೇ ಸವರಬೇಕು.

ಬಣ್ಣವನ್ನೂ ಕೊಂಚ ತಿಳಿಗೊಳಿಸಬೇಕಾಗುತ್ತದೆ. ಒಂದು ಅಡಿ ದೂರದಿಂದ ನೋಡುವ ಮಾದರಿ, 35 ಅಡಿ ಆಚೆಯ ನಿಜವಾದ ಲಾರಿಗೆ ಸಮ. ದೂರ ಹೆಚ್ಚಿದಂತೆ ನಡುವಿನ ಗಾಳಿ ಬೆಳಕನ್ನು ಚದುರಿಸಿ ಬಣ್ಣವನ್ನು ಮಾಸಿಸುತ್ತದೆ. ಈ ಮಾಸುವಿಕೆ ಎಂಥದೆಂದು ಅರಿಯಲು ಕುರೆಕುಪ್ಪದಿಂದ ದಕ್ಷಿಣಕ್ಕೆ ಕಣ್ಣು ಹಾಯಿಸಿದರಾಯಿತು. ಕೆಮ್ಮಣ್ಣಿನ ಬೆಟ್ಟಗಳು ಇಲ್ಲಿಂದ ನಸುನೀಲಿ!

2000ದ ದಶಕದ ಗಣಿಗಾರಿಕೆಯ ಅಬ್ಬರದಲ್ಲಿ ಈ ಸೀಮೆ ತಾನೇ ಮರೆವೇಷ ತೊಟ್ಟಿತ್ತು. ಅದಿರಿನ ಲಾರಿಗಳ ಸಾಲಿನಿಂದ ಎದ್ದ ಧೂಳಿಗೆ ಬೇವು, ಹತ್ತಿ, ಎಮ್ಮೆ, ಒಣಹಾಕಿದ ಪಂಚೆ ಎಲ್ಲಕ್ಕೂ ಒಂದೇ ಬಣ್ಣ. ಎಲೆಯ ಮೇಲೆ ಕೂತ ಧೂಳು ಬೆಳಕನ್ನು ತಡೆದರೆ ಬೆಳೆ ಸೊರಗುತ್ತದೆ, ಎದೆಗೆ ಇಳಿದರೆ ಮನುಷ್ಯ ಕೆಮ್ಮುತ್ತಾನೆ. ಆ ಬಣ್ಣವನ್ನು ಊರಿನವರು ಕೇಳಿ ಬಳಿಸಿಕೊಂಡದ್ದಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಮುಂದೆ ಮಿತಿ ಹಾಕಿ ಮತ್ತೆ ಬಿಟ್ಟಿತು.

ಬಣ್ಣ ನೋಡಲು ಹೋಗುವವರು ಒಂದು ಬಾರಿ ಏಪ್ರಿಲ್‌ನಲ್ಲಿ, ಒಂದು ಬಾರಿ ಸೆಪ್ಟೆಂಬರಿನಲ್ಲಿ ಹೋಗಬೇಕು. ಬೇಸಿಗೆಯಲ್ಲಿ ಹಸಿರು ಲಾರಿ ಇಲ್ಲಿ ಮೈಲು ದೂರದಿಂದ ಸಿಕ್ಕಿಬೀಳುತ್ತದೆ. ಮಳೆ ಹಿಡಿದು ಹುಲ್ಲೆದ್ದಾಗ ಕೆಂಪು ಲಾರಿಯ ಸರದಿ. ತೋರಣಗಲ್ಲಿನವರೆಗೆ ರೈಲಿದೆ. ಕೈಗೆ ಬಿಳಿ ಕಾಗದ, ಬಣ್ಣದ ಪೆಟ್ಟಿಗೆ, ಮೂಗಿಗೆ ಕಟ್ಟಲೊಂದು ಬಟ್ಟೆ ಇದ್ದರೆ ಸಾಕು.