ಸಲಮಾಂಕಾದಲ್ಲಿ ಒಂದು ಶಬ್ದಕೋಶ

ಸ್ಪೇನ್ ದೇಶದ ರಾಜಧಾನಿ ಮ್ಯಾಡ್ರಿಡ್‌ನಿಂದ ವಾಯವ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ, ತೋರ್ಮೆಸ್ ನದಿಯ ದಂಡೆಯ ಮೇಲೆ ಸಲಮಾಂಕಾ ಎಂಬ ಪ್ರಾಚೀನ ನಗರವಿದೆ. ರೋಮನ್ನರ ಕಾಲದ ಸೇತುವೆಯನ್ನು ದಾಟಿ ಊರೊಳಗೆ ಕಾಲಿಟ್ಟರೆ, ಸಮೀಪದ ವಿಯಾಮಯೋರ್ ಗ್ರಾಮದ ಮರಳುಗಲ್ಲಿನಿಂದ ಕಟ್ಟಿದ ಭವನಗಳು ಸಂಜೆಯ ಬಿಸಿಲಿಗೆ ಹೊಂಬಣ್ಣ ತಾಳಿ ನಿಂತಿರುತ್ತವೆ. ಇಲ್ಲಿಯ ವಿಶ್ವವಿದ್ಯಾಲಯ 1218ರಷ್ಟು ಹಳೆಯದು. ಈ ಹಳೆಯ ನಗರವು 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಶಬ್ದಕೋಶಕ್ಕೂ ಈ ಊರಿಗೂ ಹಳೆಯ ನಂಟು. ಇಲ್ಲಿಯೇ ಓದಿ, ಇಲ್ಲಿಯೇ ಪಾಠ ಹೇಳಿದ ಆಂತೋನಿಯೋ ದೆ ನೆಬ್ರಿಹಾ ಎಂಬ ಪಂಡಿತನು 1492ರಲ್ಲಿ ಸ್ಪ್ಯಾನಿಷ್ ಭಾಷೆಯ ವ್ಯಾಕರಣವನ್ನೂ ಲ್ಯಾಟಿನ್-ಸ್ಪ್ಯಾನಿಷ್ ಕೋಶವನ್ನೂ ಇದೇ ನಗರದಲ್ಲಿ ಅಚ್ಚು ಹಾಕಿಸಿದನು. ಆ ದಪ್ಪ ಗ್ರಂಥದ ವಂಶಸ್ಥನೊಬ್ಬ ಈಗ ನನ್ನ ಅಂಗಿಯ ಕಿಸೆಯಲ್ಲಿದ್ದನು!

ಸಮ್ಮೇಳನವೊಂದಕ್ಕೆ ಹೊರಟ ಮಗನು ನಮ್ಮಿಬ್ಬರನ್ನೂ ಮೊಮ್ಮಗನನ್ನೂ ಜೊತೆಗೆ ಕರೆತಂದಿದ್ದನು. ಹೊರಡುವ ಮುನ್ನ ನನ್ನ ಮೊಬೈಲಿಗೆ ಸ್ಪ್ಯಾನಿಷ್-ಇಂಗ್ಲಿಷ್ ನಿಘಂಟಿನ ಆ್ಯಪ್ ಹಾಕಿ, ಅಂತರ್ಜಾಲವಿಲ್ಲದಿದ್ದರೂ ತೆರೆಯುವಂತೆ ಪೂರ್ತಿ ಇಳಿಸಿಕೊಟ್ಟಿದ್ದನು. ಹಳೆಯ ಮುದ್ರಿತ ಕೋಶಗಳಲ್ಲಿ 'ಪುಯೆದೆ' ಎಂಬ ರೂಪವನ್ನು ಹುಡುಕಬೇಕಾದರೆ ಅದರ ಮೂಲಧಾತು 'ಪೊದೆರ್' ಎಂದು ಮೊದಲೇ ತಿಳಿದಿರಬೇಕಾಗುತ್ತಿತ್ತು. ಆ್ಯಪ್ ಕಂಡ ರೂಪವನ್ನೇ ಹಿಡಿದು ಮೂಲಕ್ಕೆ ಒಯ್ಯುತ್ತದೆ. ನಮಗೋ ಎರಡು ಹೊಳೆ ದಾಟುವ ಕೆಲಸ: ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ, ಅಲ್ಲಿಂದ ಮನಸ್ಸಿನಲ್ಲಿ ಕನ್ನಡಕ್ಕೆ.

ಮೊಮ್ಮಗನಿಗೆ ಬಾದಾಮಿ, ಗೋಡಂಬಿ, ಅಕ್ರೋಟ ಒಗ್ಗುವುದಿಲ್ಲ. ಒಮ್ಮೆ ಊರಿನಲ್ಲಿ ತುಟಿ ಊದಿ, ಉಸಿರು ಕಟ್ಟಿ, ನಡುರಾತ್ರಿ ಆಸ್ಪತ್ರೆಗೆ ಓಡಿದ್ದೆವು. ಬಾದಾಮಿಯ ಸಿಹಿತಿಂಡಿಗೆ ಹೆಸರಾದ ನಾಡಿನಲ್ಲಿ ಆ ಹೆದರಿಕೆ ಬೆನ್ನಿಗೇ ಇತ್ತು.

ಮರುದಿನ, 1755ರಲ್ಲಿ ಪೂರ್ಣಗೊಂಡ ಪ್ಲಾಸಾ ಮಯೋರ್ ಎಂಬ ವಿಶಾಲ ಚೌಕವನ್ನು ನೋಡಿ ಹಿಂದಿರುಗುವಾಗ ಹುಡುಗ ಹಸಿವೆಂದನು. ಮಗ್ಗುಲ ಬೀದಿಯ ಪುಟ್ಟ ಅಂಗಡಿಯಲ್ಲಿ ಗೋಧಿತೆನೆಯ ಚಿತ್ರವಿದ್ದ ಬಿಸ್ಕತ್ತಿನ ಪೊಟ್ಟಣ ಕೊಂಡೆನು. ಸಾಮಗ್ರಿಗಳ ಪಟ್ಟಿಯಲ್ಲಿ ಬಾದಾಮಿಯಿರಲಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ, 'ಫ್ರುತೋಸ್ ದೆ ಕಾಸ್ಕರಾ'ದ ಲೇಶ ಇರಬಹುದು ಎಂದಿತ್ತು. ಒಂದೊಂದೇ ಪದ ಹುಡುಕಿದೆನು. 'ಫ್ರುತೋ' ಎಂದರೆ ಹಣ್ಣು. 'ಕಾಸ್ಕರಾ' ಎಂದರೆ ಚಿಪ್ಪು, ಸಿಪ್ಪೆ. ಸಿಪ್ಪೆಯುಳ್ಳ ಹಣ್ಣು ಎಂದರೆ ಬಾಳೆಯೋ ಕಿತ್ತಳೆಯೋ ಇರಬೇಕೆಂದು ನಿಶ್ಚಯಿಸಿ ಪೊಟ್ಟಣ ಒಡೆದೆನು.

"ಬಾಳೆಹಣ್ಣಿದೆಯೆಂದು ಯಾರಾದರೂ ಎಚ್ಚರಿಕೆ ಬರೆಯುತ್ತಾರೆಯೇ? ಇನ್ನೊಮ್ಮೆ ನೋಡಿರಿ" ಎಂದು ನನ್ನ ಪತ್ನಿ ಹುಡುಗನ ಕೈ ಹಿಡಿದಳು.

ಈ ಬಾರಿ ಅರ್ಥಗಳ ಕೆಳಗಿದ್ದ ಪದಪುಂಜಗಳವರೆಗೂ ಓದಿದೆನು. ಮೂರೂ ಪದ ಕೂಡಿದರೆ ಬಾದಾಮಿ, ಗೋಡಂಬಿ, ಅಕ್ರೋಟಗಳಂಥ ಗಟ್ಟಿಚಿಪ್ಪಿನ ಬೀಜಗಳೆಂದು ಅರ್ಥ! ನನ್ನ ಬೆನ್ನು ಬೆವರಿತು. ಬಿಡಿಪದಗಳಿಗೆ ಕೋಶ ಹೇಳಿದ್ದು ಸುಳ್ಳಾಗಿರಲಿಲ್ಲ. ಕೂಡಿದ ಪದಗಳನ್ನು ಒಡೆದು ಓದಿದ ತಪ್ಪು ನನ್ನದು. ನಮ್ಮ 'ಕೈಕೊಡು' ಎಂಬುದನ್ನು ಪರಭಾಷೆಯವನು 'ಕೈ' ಮತ್ತು 'ಕೊಡು' ಎಂದು ಬಿಡಿಸಿದರೆ, ಮೋಸಹೋದವನನ್ನು ಸಹಾಯ ಪಡೆದವನೆಂದು ತಿಳಿದಾನು.

ಆದ್ದರಿಂದ ಇಂಥ ಕೋಶವನ್ನು ನೆಚ್ಚಿ ಪ್ರವಾಸ ಹೊರಡುವವರು ಮೊದಲನೆಯ ಅರ್ಥಕ್ಕೇ ನಿಲ್ಲದಿರಲಿ. ಮಕ್ಕಳಿಗೆ ಒಗ್ಗದ ಪದಾರ್ಥಗಳ ಹೆಸರನ್ನು ಆ ಭಾಷೆಯಲ್ಲಿ ಮನೆಯಿಂದಲೇ ಬರೆದುಕೊಂಡು ಹೋಗಲಿ.

ಅಂಗಡಿಯ ಅಜ್ಜಿಗೆ ಮೊಮ್ಮಗನನ್ನು ತೋರಿಸಿ, ಕೋಶದಲ್ಲಿ ಕಂಡ 'ಅಲೆರ್ಹಿಯಾ' ಎಂಬ ಒಂದೇ ಪದ ನುಡಿದೆನು. ಆಕೆ ಗಾಬರಿಯಿಂದ ಪೊಟ್ಟಣವನ್ನು ಹಿಂದಕ್ಕೆ ಸೆಳೆದುಕೊಂಡು, ಒಳಗಿನಿಂದ ಎರಡು ಕಿತ್ತಳೆ ತಂದು ಹುಡುಗನ ಕೈಗಿತ್ತಳು. ಹಣವನ್ನು ಮಾತ್ರ ಮುಟ್ಟಲಿಲ್ಲ. ನಾನು ಊಹಿಸಿದ್ದ ಸಿಪ್ಪೆಯ ಹಣ್ಣು ಕೊನೆಗೂ ನಮಗೆ ದೊರೆಯಿತು.