ಮುಚ್ಚಿದ ದ್ವಾರದ ಹೊರಗೆ

2017ರ ಫೆಬ್ರವರಿ 3ರ ಸಂಜೆ ಮೆಲ್ಬರ್ನ್ ನಗರದ ಪ್ರಿನ್ಸಸ್ ಪಾರ್ಕ್ ಕ್ರೀಡಾಂಗಣದ ದ್ವಾರಗಳನ್ನು ಮುಚ್ಚಬೇಕಾಯಿತು. ಒಳಗೆ 24 ಸಾವಿರಕ್ಕೂ ಮಿಕ್ಕಿದ ಪ್ರೇಕ್ಷಕರು. ಹೊರಗೆ ಜಾಗ ಸಿಗದೆ ನಿಂತ ಜನಸಂದಣಿ. ಆಸ್ಟ್ರೇಲಿಯನ್ ಫುಟ್‌ಬಾಲ್ ಎಂದರೆ ಅಂಡಾಕಾರದ ಚೆಂಡನ್ನು ಒದೆಯಲೂ, ಕೈಯಿಂದ ಗುದ್ದಿ ಸಾಗಿಸಲೂ ಅವಕಾಶವುಳ್ಳ ಆಟ. ಕಾರ್ಲ್ಟನ್ ಮತ್ತು ಕಾಲಿಂಗ್‌ವುಡ್ ತಂಡಗಳ ಆ ಪಂದ್ಯದೊಂದಿಗೆ ಅದರ ಮಹಿಳೆಯರ ರಾಷ್ಟ್ರೀಯ ಲೀಗ್ ಮೊದಲಾಯಿತು. 2020ಕ್ಕೆಂದು ಯೋಚಿಸಿದ್ದ ಲೀಗ್ ಅದು. 2015ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ಪ್ರದರ್ಶನ ಪಂದ್ಯವೊಂದು ಸೆಳೆದ ವೀಕ್ಷಕರು ಆ ದಿನವನ್ನು ಹತ್ತಿರಕ್ಕೆ ತಂದರು.

ಮಹಿಳೆಯರ ಆಟವನ್ನು ನೋಡುವವರಾರು ಎಂಬ ಹಳೆಯ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯಿತು. ಪ್ರವೇಶ ಉಚಿತವಾಗಿತ್ತೆಂಬುದನ್ನೂ ಮರೆಯುವಂತಿಲ್ಲ. ಉಳಿದದ್ದು ಜೀವನೋಪಾಯದ ಪ್ರಶ್ನೆ. ಮೊದಲ ಆವೃತ್ತಿಯಲ್ಲಿದ್ದುದು 8 ತಂಡಗಳು, ಏಳು ಸುತ್ತುಗಳು. ರಾತ್ರಿ ಪರದೆಯ ಮೇಲೆ ಮಿಂಚಿದ ಆಟಗಾರ್ತಿ ವಾರದ ದಿನಗಳಲ್ಲಿ ತರಗತಿಗೋ ಆಸ್ಪತ್ರೆಯ ಪಾಳಿಗೋ ಹೋಗಿ, ಸಂಜೆ ಅಭ್ಯಾಸಕ್ಕೆ ಬರಬೇಕಿತ್ತು. ಅಂತಹವರಿಂದ ಪೂರ್ಣಾವಧಿ ಆಟಗಾರರ ನೈಪುಣ್ಯವನ್ನು ಅಪೇಕ್ಷಿಸಿದ ಟೀಕಾಕಾರರದು ನ್ಯಾಯವಾದ ಅಳತೆಯಲ್ಲ.

2022ರಲ್ಲಿ ತಂಡಗಳು 18 ಆದವು. ಪ್ರತಿ ತಂಡಕ್ಕೂ ಎದುರಾಳಿಗಳು 17. ಆದರೆ ಅಂತಿಮ ಹಂತಕ್ಕೆ ಮುನ್ನ ಆಡಲು ಸಿಕ್ಕ ಪಂದ್ಯಗಳು ಹತ್ತೇ. 2025ರಲ್ಲಿ ಅವು 12ಕ್ಕೆ ಏರಿದವು.