ತಕ್ಕಡಿ ಹೇಳದ ಮಾತು

ತೆಳ್ಳನೆಯ ಮೈಗೆ ಸಕ್ಕರೆ ಕಾಯಿಲೆ ಬಾರದೆಂದು ನಾವು ನಂಬಿದ್ದೆವು. ಮಾದನಾಯಕನಹಳ್ಳಿಯ ಮನೆಯಲ್ಲಿ ಒಮ್ಮೆ ಬಿ.ಎಂ.ಐ. ಲೆಕ್ಕ ಹಾಕಿದೆವು. ಕಿಲೋಗ್ರಾಂ ತೂಕವನ್ನು ಮೀಟರು ಎತ್ತರದ ವರ್ಗದಿಂದ ಭಾಗಿಸಬೇಕು. ನಮ್ಮ ತೂಕ 58, ಎತ್ತರ 1.60, ಉತ್ತರ 22.7. ಭಾರತೀಯರಿಗೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು 2009ರಲ್ಲಿ ನಮ್ಮ ವೈದ್ಯತಜ್ಞರು ಗೊತ್ತುಪಡಿಸಿರುವುದರಿಂದ, ಪಾರಾದೆವೆಂದು ಹಿಗ್ಗಿದೆವು.

ಆದರೆ ವೈದ್ಯರು ಟೇಪಿನಿಂದ ಸೊಂಟವನ್ನಳೆದರು: 94 ಸೆಂಟಿಮೀಟರು. ಗಂಡಸರಿಗೆ 90, ಹೆಂಗಸರಿಗೆ 80 ಮಿತಿಯಂತೆ. ರಕ್ತಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯೂ ಹೊರಬಿದ್ದಿತು!

ಬಿ.ಎಂ.ಐ. ಎತ್ತರಕ್ಕೆ ತಕ್ಕ ಭಾರವನ್ನು ತಿಳಿಸುವುದೇ ಹೊರತು, ಕೊಬ್ಬು ಎಲ್ಲಿ ಅಡಗಿದೆಯೆಂಬುದನ್ನು ತಿಳಿಸದು. ಹೊಟ್ಟೆಯ ಕೊಬ್ಬೇ ಹೆಚ್ಚು ಅಪಾಯಕಾರಿ. ಈಗ ನಿತ್ಯ ನಡೆಯುತ್ತಿದ್ದೇವೆ, ಅನ್ನವನ್ನು ಮಿತಗೊಳಿಸಿದ್ದೇವೆ. ಬಂಧುಗಳೇ, ತಕ್ಕಡಿಯೊಡನೆ ಟೇಪನ್ನೂ ಮನೆಯಲ್ಲಿಟ್ಟುಕೊಳ್ಳಿರಿ.